ಇಲಿಯ ಮೂಳೆಯಲ್ಲಿ ಸೀಸ ಸಿಕ್ಕಿತೆಂದರೆ ಆ ಮೂಳೆ ಕೆಟ್ಟಿದೆ ಎಂದರ್ಥವೇ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಯ ಹಳೆಯ ಕಟ್ಟಡದ ಅಟ್ಟದಲ್ಲಿ ಕಣಜ ಗೂಬೆಗಳಿವೆ. ಅವು ಉಗುಳುವ ಉಂಡೆಗಳನ್ನು ಬಿಡಿಸಿದರೆ ಇಲಿಗಳ ತಲೆಬುರುಡೆ, ತೊಡೆಮೂಳೆಗಳು ಸಿಗುತ್ತವೆ. ಶಾಲೆಯಿಂದ ಸ್ವಲ್ಪ ದೂರದಲ್ಲೇ ಕೆಜಿಎಫ್‌ನ ಸೈನೈಡ್ ದಿಬ್ಬಗಳಿವೆ. ಗಣಿ ಮತ್ತು ಲೋಹದ ಕಾರ್ಖಾನೆಗಳ ಸುತ್ತ ಕಾಡಿಲಿಗಳ ಮೂಳೆ ಪರೀಕ್ಷಿಸಿ ಮಾಲಿನ್ಯವನ್ನು ಅಳೆಯುತ್ತಾರೆಂದು ಓದಿದೆ. ಅದಕ್ಕೆ ಮೂಳೆಯೇ ಏಕೆ ಬೇಕು? ಭಾರ ಲೋಹಗಳಿಂದ ಆ ಪ್ರಾಣಿಗಳ ಮೂಳೆ ನಿಜವಾಗಿಯೂ ಹಾಳಾಗುತ್ತದೆಯೇ? ನಮ್ಮ ಮಕ್ಕಳು ಈ ಉಂಡೆಗಳಿಂದ ಏನನ್ನಾದರೂ ಕಂಡುಕೊಳ್ಳಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದೇ ಎಲ್ಲಕ್ಕಿಂತ ಕಠಿಣ. ಮೂಳೆಯಲ್ಲಿ ಲೋಹ ಇರುವುದು ಒಂದು ಸಂಗತಿ, ಲೋಹದಿಂದ ಮೂಳೆ ಕೆಟ್ಟಿರುವುದು ಬೇರೆಯೇ ಸಂಗತಿ. ಮೊದಲನೆಯದನ್ನು ಪ್ರಯೋಗಾಲಯದ ಉಪಕರಣ ಹೇಳಿಬಿಡುತ್ತದೆ. ಎರಡನೆಯದನ್ನು ಹೇಳಬೇಕಾದರೆ ಆ ಪ್ರಾಣಿಯ ವಯಸ್ಸೆಷ್ಟು, ಅದು ಏನು ತಿನ್ನುತ್ತಿತ್ತು, ಎಷ್ಟು ಸೂಲು ಮರಿ ಹಾಕಿತ್ತು, ಅದು ಬದುಕಿದ ಮಣ್ಣಿನಲ್ಲಿ ಸುಣ್ಣದಂಶ ಎಷ್ಟಿತ್ತು ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪತ್ರಿಕೆಗಳಲ್ಲಿ ಬರುವ ಸುದ್ದಿಗಳು ಈ ಎರಡನ್ನೂ ಒಂದೇ ಎಂಬಂತೆ ಬರೆಯುವುದರಿಂದ ಮೊದಲಿಗೆ ಈ ಗೆರೆಯನ್ನು ಎಳೆದುಕೊಳ್ಳುವುದು ಅಗತ್ಯ.

ಇನ್ನೊಂದು ವಿಷಯವನ್ನೂ ಇಲ್ಲೇ ತಿಳಿಸುತ್ತೇನೆ. ನಿಮ್ಮೂರಿನ ದಿಬ್ಬಗಳಿಗೆ ಜನ ಸೈನೈಡ್ ದಿಬ್ಬ ಎಂದು ಕರೆಯುವುದು ಚಿನ್ನವನ್ನು ಬೇರ್ಪಡಿಸಲು ಬಳಸಿದ ರಾಸಾಯನಿಕದ ಹೆಸರಿನಿಂದ. ಸೈನೈಡ್ ಲೋಹವಲ್ಲ. ಅದು ದೇಹಕ್ಕೆ ಸೇರಿದರೆ ಕೂಡಲೇ ಕೊಲ್ಲುತ್ತದೆ, ಇಲ್ಲವೇ ಥಯೋಸಯನೇಟ್ ಆಗಿ ಮಾರ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ, ಮೂಳೆಯಲ್ಲಿ ಕೂಡಿಕೊಳ್ಳುವುದಿಲ್ಲ. ಮೂಳೆಯಲ್ಲಿ ಹುಡುಕಬೇಕಾದದ್ದು ಅದಿರಿನ ಜೊತೆಗೇ ನೆಲದಿಂದ ಮೇಲೆ ಬಂದು, ಪುಡಿಯಾಗಿ, 2001ರಲ್ಲಿ ಗಣಿ ಮುಚ್ಚಿದ ಮೇಲೂ ದಿಬ್ಬದಲ್ಲೇ ಉಳಿದು ಗಾಳಿಗೆ ಹಾರುವ ದೂಳಿನಲ್ಲಿರುವ ಲೋಹಗಳನ್ನು.

ಮೂಳೆಯೇ ಏಕೆ ಎಂಬುದಕ್ಕೆ ಉತ್ತರ ಮೂಳೆಯ ರಚನೆಯಲ್ಲಿದೆ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಅಸ್ಥಿಪಂಜರದಲ್ಲಿ, ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳ ರೂಪದಲ್ಲಿರುತ್ತದೆ. ಸೀಸದ ಅಯಾನಿನ ವಿದ್ಯುದಾವೇಶ ಕ್ಯಾಲ್ಸಿಯಂನದರಷ್ಟೇ, ಗಾತ್ರ ಮಾತ್ರ ತುಸು ದೊಡ್ಡದು. ಆದ್ದರಿಂದ ರಕ್ತದಲ್ಲಿ ತೇಲಿ ಬಂದ ಸೀಸ ಹರಳಿನಲ್ಲಿ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಸುಲಭವಾಗಿ ಕೂರುತ್ತದೆ. ವಯಸ್ಕ ಮನುಷ್ಯನ ದೇಹದಲ್ಲಿರುವ ಸೀಸದ ಶೇ. 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲಿರುತ್ತದೆ. ರಕ್ತದಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿದರೆ, ಮೂಳೆಯಲ್ಲಿನದು ಅರ್ಧಕ್ಕಿಳಿಯಲು ವರ್ಷಗಟ್ಟಲೆ, ಕೆಲವೆಡೆ ದಶಕಗಟ್ಟಲೆ ಹಿಡಿಯುತ್ತದೆ. ರಕ್ತ ಕಳೆದ ತಿಂಗಳ ಕಥೆ ಹೇಳಿದರೆ ಮೂಳೆ ಇಡೀ ಬದುಕಿನ ಕಥೆ ಹೇಳುತ್ತದೆ.

ಇಲಿ ಜಾತಿಯ ಪ್ರಾಣಿಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಮ್ಮ ಮೂಳೆಯ ಗಟ್ಟಿ ಹೊರಪದರ ಜೀವನವಿಡೀ ಒಳಗೊಳಗೇ ಕರಗಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಇಲಿಗಳ ಹೊರಪದರದಲ್ಲಿ ಆ ಬಗೆಯ ಮರುನಿರ್ಮಾಣ ಇಲ್ಲವೆನ್ನುವಷ್ಟು ಕಡಿಮೆ. ಬೆಳೆಯುವಾಗ ಕೂತ ಸೀಸ ಬಹುಮಟ್ಟಿಗೆ ಕೂತಲ್ಲೇ ಇರುತ್ತದೆ. ಇದಕ್ಕೆ ವ್ಯತಿರಿಕ್ತವಾದದ್ದು ಅದೇ ಇಲಿಯ ಬಾಚಿಹಲ್ಲು. ಅದು ಬುಡದಿಂದ ನಿರಂತರ ಬೆಳೆಯುತ್ತ ತುದಿಯಲ್ಲಿ ಸವೆಯುತ್ತ ಸುಮಾರು ಒಂದೂವರೆ ತಿಂಗಳಲ್ಲಿ ಪೂರ್ತಿ ಹೊಸದಾಗುವುದರಿಂದ, ಅದರಲ್ಲಿ ಇತ್ತೀಚಿನ ವಾರಗಳ ಲೋಹ ಮಾತ್ರ ಕಾಣುತ್ತದೆ. ಒಂದೇ ತಲೆಬುರುಡೆಯಲ್ಲಿ ಹಳೆಯ ದಾಖಲೆಯೂ ಹೊಸ ದಾಖಲೆಯೂ ಅಕ್ಕಪಕ್ಕ ಇರುತ್ತವೆ ಎಂಬ ಸಂಗತಿ ನನಗೆ ಎಷ್ಟು ಸಲ ನೋಡಿದರೂ ಬೆರಗು ತರುತ್ತದೆ.

ಇನ್ನೊಂದು ಭಾರ ಲೋಹವಾದ ಕ್ಯಾಡ್ಮಿಯಂ ನಡೆಯುವ ದಾರಿ ಬೇರೆ. ಅದು ಮುಖ್ಯವಾಗಿ ಯಕೃತ್ತಿನಲ್ಲಿ, ಅಲ್ಲಿಂದ ಮೂತ್ರಪಿಂಡದಲ್ಲಿ ಸೇರಿಕೊಳ್ಳುತ್ತದೆ. ಮೆಟಲೋಥಯೋನೀನ್ ಎಂಬ ಪ್ರೋಟೀನು ಅದನ್ನು ಹಿಡಿದಿಟ್ಟಿರುವವರೆಗೆ ಹೆಚ್ಚಿನ ತೊಂದರೆಯಿಲ್ಲ. ಹಿಡಿದಿಡುವ ಶಕ್ತಿ ಮೀರಿದಾಗ ಮೂತ್ರಪಿಂಡದ ಸೂಕ್ಷ್ಮ ನಾಳಗಳು ಕೆಡುತ್ತವೆ. ದೇಹ ಉಳಿಸಿಕೊಳ್ಳಬೇಕಾದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮೂತ್ರದಲ್ಲಿ ಸೋರಿಹೋಗುತ್ತವೆ. ವಿಟಮಿನ್ ಡಿ ತನ್ನ ಕ್ರಿಯಾಶೀಲ ರೂಪ ಪಡೆಯುವುದೂ ಮೂತ್ರಪಿಂಡದಲ್ಲೇ ಆದ್ದರಿಂದ ಆ ಕೆಲಸವೂ ಕುಂಟುತ್ತದೆ. ಇದು ಸುತ್ತುದಾರಿ. ನೇರ ದಾರಿಯೂ ಒಂದಿದೆ: ಮೂಳೆ ಕಟ್ಟುವ ಕೋಶಗಳನ್ನು ಕ್ಯಾಡ್ಮಿಯಂ ಕುಗ್ಗಿಸುತ್ತದೆ, ಮೂಳೆ ಕರಗಿಸುವ ಕೋಶಗಳನ್ನು ಹುರಿದುಂಬಿಸುತ್ತದೆ. ಮೂತ್ರಪಿಂಡ ಕೆಡುವುದಕ್ಕೆ ಮುಂಚೆಯೇ ಅಸ್ಥಿಪಂಜರದಿಂದ ಕ್ಯಾಲ್ಸಿಯಂ ಹೊರಬರತೊಡಗುತ್ತದೆಂದು ಪ್ರಯೋಗಾಲಯದ ಇಲಿಗಳಲ್ಲಿ ಕಂಡಿದ್ದಾರೆ. ಅಂದರೆ ಸೀಸವನ್ನು ಮೂಳೆಯಲ್ಲೇ ಹುಡುಕಬೇಕು. ಕ್ಯಾಡ್ಮಿಯಂ ಮಾಡಿದ ಹಾನಿ ಮೂಳೆಯಲ್ಲಿದ್ದರೂ ಕ್ಯಾಡ್ಮಿಯಂ ಮಾತ್ರ ಬಹುಪಾಲು ಬೇರೆ ಅಂಗದಲ್ಲಿರುತ್ತದೆ. ಮೂಳೆಯೊಂದನ್ನೇ ಅಳೆದು ಕ್ಯಾಡ್ಮಿಯಂ ಕಡಿಮೆಯಿದೆ, ಚಿಂತೆಯಿಲ್ಲ ಎನ್ನುವುದು ತಪ್ಪಾಗುವುದು ಇದೇ ಕಾರಣಕ್ಕೆ.

ಮನುಷ್ಯರಲ್ಲಿ ಇದರ ಅತಿ ದಾರುಣ ಉದಾಹರಣೆ ಜಪಾನಿನ ತೊಯಾಮಾ ಪ್ರಾಂತದ ಜಿನ್ಜು ನದಿ ಬಯಲಿನದು. ಮೇಲ್ದಂಡೆಯ ಕಾಮಿಯೋಕಾ ಗಣಿಯಿಂದ ಬಂದ ಕ್ಯಾಡ್ಮಿಯಂ ನದಿನೀರಿನ ಮೂಲಕ ಗದ್ದೆಗಳಿಗೆ, ಅಲ್ಲಿಂದ ಅಕ್ಕಿಗೆ ಸೇರಿತು. ಕೆಮ್ಮಿದರೂ ಪಕ್ಕೆಲುಬು ಮುರಿಯುವಷ್ಟು ಮೂಳೆ ಮೆತ್ತಗಾದ ರೋಗಿಗಳು ನೋವು, ನೋವು ಎಂದು ನರಳುತ್ತಿದ್ದುದರಿಂದ ಆ ಕಾಯಿಲೆಗೆ ಇತಾಯಿ ಇತಾಯಿ ಎಂದೇ ಹೆಸರಾಯಿತು. ಜಪಾನ್ ಸರ್ಕಾರ 1968ರಲ್ಲಿ ಅದನ್ನು ಮಾಲಿನ್ಯದಿಂದ ಬಂದ ಕಾಯಿಲೆಯೆಂದು ಒಪ್ಪಿಕೊಂಡಿತು. ರೋಗಿಗಳಲ್ಲಿ ಬಹುತೇಕರು ಹಲವು ಮಕ್ಕಳನ್ನು ಹೆತ್ತ, ಮುಟ್ಟು ನಿಂತ ವಯಸ್ಸಿನ ಹೆಂಗಸರು. ಬಸಿರು ಮತ್ತು ಬಾಣಂತನಗಳು ಅವರ ಮೂಳೆಯ ಕ್ಯಾಲ್ಸಿಯಂ ಅನ್ನು ಆಗಲೇ ಖರ್ಚುಮಾಡಿದ್ದವು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಕೊರತೆಯಿರುವ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಈ ಒಂದು ಅಂಶವನ್ನು ನೆನಪಿಟ್ಟುಕೊಳ್ಳಿ, ಇಲಿಗಳ ವಿಷಯದಲ್ಲಿ ಇದೇ ಮತ್ತೆ ಬರುತ್ತದೆ.

ಕಾಡುಪ್ರಾಣಿಗಳ ಮೇಲಿನ ಪರಿಣಾಮಕ್ಕೆ ನಾನು ಪಾಠಗಳಲ್ಲಿ ಹೆಚ್ಚಾಗಿ ಎತ್ತಿಕೊಳ್ಳುವ ಉದಾಹರಣೆ ಅಮೆರಿಕದ ಪೆನ್ಸಿಲ್ವೇನಿಯಾದ ಪಾಮರ್ಟನ್ ಎಂಬ ಊರಿನದು. 1898ರಿಂದ 1980ರವರೆಗೆ ಅಲ್ಲಿ ಸತುವಿನ ಅದಿರನ್ನು ಕಾಯಿಸಿ ಲೋಹ ತೆಗೆಯುತ್ತಿದ್ದರು. ಹೊಗೆಯಲ್ಲಿ ಬಂದ ಸತು, ಕ್ಯಾಡ್ಮಿಯಂ, ಸೀಸಗಳು ಎದುರಿನ ಬೆಟ್ಟದ ಮೇಲೆ ಎಂಬತ್ತು ವರ್ಷ ಬಿದ್ದವು. ಕುಲುಮೆಗಳಿಂದ ಒಂದು ಕಿಲೋಮೀಟರಿನೊಳಗೆ, ಮರಗಳ ಕೆಳಗಿನ ಕೊಳೆತೆಲೆಯ ಪದರದಲ್ಲಿ ಸತುವಿನ ಪ್ರಮಾಣ ಪ್ರತಿ ಕೆ.ಜಿ.ಗೆ 50,000ದಿಂದ 80,000 ಮಿಲಿಗ್ರಾಂ, ಕ್ಯಾಡ್ಮಿಯಂ 900ರಿಂದ 1,500 ಮಿಲಿಗ್ರಾಂ ಇದ್ದದ್ದು 1970ರ ದಶಕದ ಆರಂಭದಲ್ಲಿ ದಾಖಲಾಯಿತು. ಬೇರೆ ಮಾತಿನಲ್ಲಿ, ಒಂದು ಬೊಗಸೆ ಒಣಗಿದ ಎಲೆಮಣ್ಣಿನ ತೂಕದಲ್ಲಿ ಹನ್ನೆರಡನೇ ಒಂದು ಭಾಗದವರೆಗೂ ಬರಿ ಸತುವೇ. ಎಲೆ ಕೊಳೆಸುವ ಜೀವಿಗಳು ಸೊರಗಿದ್ದರಿಂದ ಬಿದ್ದ ಎಲೆ ಕೊಳೆಯದೆ ಪದರ ಪದರವಾಗಿ ಉಳಿಯಿತು; ಲೋಹವೂ ಅದರಲ್ಲೇ ಉಳಿಯಿತು.

ಅಲ್ಲಿನ ಪ್ರಾಣಿಗಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಹೋಲಿಕೆಯಿದೆ. ಒಣ ತೂಕದ ಪ್ರತಿ ಕೆ.ಜಿ.ಗೆ ಸೀಸ ಮರದೆಲೆಗಳಲ್ಲಿ ಸರಾಸರಿ 21 ಮಿಲಿಗ್ರಾಂ, ಇಲಿಗಳಲ್ಲಿ 17, ಮೂಗಿಲಿಗಳಲ್ಲಿ 110. ಒಂದೇ ಬೆಟ್ಟ, ಒಂದೇ ಮಣ್ಣು, ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಪ್ರಾಣಿಗಳ ನಡುವೆ ಆರು ಪಟ್ಟಿಗಿಂತ ಹೆಚ್ಚಿನ ಅಂತರ. ಕಾರಣ ಊಟದಲ್ಲಿದೆ. ಇಲಿ ಬೀಜ, ಕಾಯಿ, ಹುಳು ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಗಿಡಗಳು ಸೀಸವನ್ನು ಬೀಜದವರೆಗೆ ಸಾಗಿಸುವುದು ಬಹಳ ಕಡಿಮೆ. ನಾವು ಸುಂಡಿಲಿ ಎಂದೂ ಕರೆಯುವ ಉದ್ದ ಮೂತಿಯ ಮೂಗಿಲಿ ವಾಸ್ತವವಾಗಿ ಇಲಿಯೇ ಅಲ್ಲ, ಕೀಟಾಹಾರಿ. ಅದು ದಿನವೂ ತನ್ನ ತೂಕಕ್ಕೆ ಸಮೀಪದಷ್ಟು ಹುಳು, ಜೀರುಂಡೆ, ಎರೆಹುಳುಗಳನ್ನು ತಿಂದೇ ಬದುಕಬೇಕು, ಎರೆಹುಳುವಿನ ಹೊಟ್ಟೆ ತುಂಬ ಮಣ್ಣಿರುತ್ತದೆ. ಹೀಗಾಗಿ, ಕಲುಷಿತ ಜಾಗದಲ್ಲಿ ಇಲಿಗಳನ್ನಷ್ಟೇ ಹಿಡಿದು ಎಲ್ಲವೂ ಸರಿಯಿದೆ ಎಂದು ವರದಿ ಬರೆದವರನ್ನು ನಾನು ನಂಬುವುದಿಲ್ಲ. ಮೂಗಿಲಿಯನ್ನು ನೋಡದೆ ಆ ಮಾತನ್ನು ಹೇಳಬಾರದು.

ಇಲಿಗಳೊಳಗೂ ಊಟದ ಈ ವ್ಯತ್ಯಾಸ ಕಾಣುತ್ತದೆ. ಸ್ಲೊವಾಕಿಯಾದ ನೊವಾಕಿ ಎಂಬಲ್ಲಿ, ಕಲ್ಲಿದ್ದಲು ಮತ್ತು ರಾಸಾಯನಿಕ ಉದ್ಯಮಗಳಿಂದ ಕಲುಷಿತವಾದ ಪ್ರದೇಶದಲ್ಲಿ, ಹಳದಿ ಕೊರಳಿನ ಇಲಿ ಮತ್ತು ಇಲಿಯನ್ನೇ ಹೋಲುವ ಬ್ಯಾಂಕ್ ವೋಲ್ ಎಂಬ ಎರಡು ಜಾತಿಗಳನ್ನು ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೂಳೆಯಲ್ಲಿ ಕ್ಯಾಡ್ಮಿಯಂ ಮತ್ತು ಸತು ಎರಡೂ ವೋಲ್‌ನಲ್ಲೇ ಹೆಚ್ಚಾಗಿದ್ದವು. ಇಲಿ ಬೀಜವನ್ನು ಅವಲಂಬಿಸಿದರೆ ವೋಲ್ ಸೊಪ್ಪು, ತೊಗಟೆ, ಅಣಬೆಗಳನ್ನು ಹೆಚ್ಚು ತಿನ್ನುತ್ತದೆ, ಕ್ಯಾಡ್ಮಿಯಂ ಸೇರುವುದು ಅಂಥವುಗಳಲ್ಲೇ. ಅದೇ ಅಧ್ಯಯನದಲ್ಲಿ ಯಕೃತ್ತು, ಮೂತ್ರಪಿಂಡಗಳಿಗಿಂತ ಮೂಳೆಯಲ್ಲೇ ಕ್ಯಾಡ್ಮಿಯಂ ಹೆಚ್ಚು ಕಂಡಿತೆಂಬುದು ನಾನು ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ ತೋರಬಹುದು. ಪರೀಕ್ಷಿಸಿದ ಪ್ರಾಣಿಗಳ ಸಂಖ್ಯೆ ಚಿಕ್ಕದು; ಇನ್ನೂ ಹೆಚ್ಚು ಪ್ರಾಣಿಗಳಲ್ಲಿ ಅದೇ ಫಲಿತಾಂಶ ಬರುವವರೆಗೆ ಅದನ್ನು ಸಾಮಾನ್ಯ ನಿಯಮವೆಂದು ನಾನು ಪಾಠದಲ್ಲಿ ಹೇಳಲಾರೆ.

ಈಗ ನಿಮ್ಮ ಕಠಿಣ ಪ್ರಶ್ನೆಗೆ ಬರುತ್ತೇನೆ. ಇಷ್ಟು ಲೋಹ ಹೊತ್ತ ಪ್ರಾಣಿಯ ಮೂಳೆ ಹಾಳಾಗಿರುತ್ತದೆಯೇ? ಪಾಮರ್ಟನ್ ಸುತ್ತ ಮೂಳೆಕೀಲಿನ ಕಾಯಿಲೆ ಎದ್ದು ಕಂಡದ್ದು ಕುದುರೆಮರಿಗಳಲ್ಲಿ. ಕೀಲುಗಳು ಊದಿ, ಮರಿಗಳು ಕುಂಟತೊಡಗಿದ್ದವು. ಮೃದ್ವಸ್ಥಿ ಬಿರುಕುಬಿಟ್ಟು ಮೂಳೆ ಟೊಳ್ಳಾಗಿದ್ದುದು 1982ರಲ್ಲಿ ವರದಿಯಾಯಿತು. ಮುಖ್ಯ ಕಾರಣ ಸತುವೇ ಆಗಿತ್ತು. ಸತು ಅತಿಯಾದರೆ ಕರುಳು ತಾಮ್ರವನ್ನು ಹೀರಿಕೊಳ್ಳದು. ತಾಮ್ರವಿಲ್ಲದೆ ಕೊಲಾಜೆನ್ ಎಳೆಗಳನ್ನು ಪರಸ್ಪರ ಬಿಗಿಯುವ ಕಿಣ್ವ ಕೆಲಸ ಮಾಡದು. ಮೂಳೆಗೆ ಹರಳು ಎಷ್ಟು ಮುಖ್ಯವೋ ಆ ಎಳೆಗಳೂ ಅಷ್ಟೇ ಮುಖ್ಯ. ಸತು ಪೋಷಕಾಂಶವಲ್ಲವೇ ಎಂದು ಕೇಳುವವರಿಗೆ ಆ ಕುದುರೆಮರಿಗಳನ್ನು ತೋರಿಸಬೇಕು.

ಇಲಿಗಳಲ್ಲಿ ಇಷ್ಟು ಸ್ಪಷ್ಟವಾದ ಚಿತ್ರ ಸಿಗುವುದು ಕಷ್ಟ, ಅದಕ್ಕೆ ದೊಡ್ಡ ಕಾರಣ ಆಯುಷ್ಯ. ಪೋಲೆಂಡಿನ ಬಿಯಾಲಿಸ್ಟಾಕ್‌ನ ಸಂಶೋಧಕರು ಹೆಣ್ಣಿಲಿಗಳಿಗೆ 24 ತಿಂಗಳ ಕಾಲ ಲೀಟರಿಗೆ ಕೇವಲ 1 ಮಿಲಿಗ್ರಾಂ ಕ್ಯಾಡ್ಮಿಯಂ ಬೆರೆಸಿದ ನೀರು ಕೊಟ್ಟು ನೋಡಿದಾಗ ಮೂಳೆಯ ಖನಿಜ ಸಾಂದ್ರತೆ ಕುಸಿದು, ಬೆನ್ನುಮೂಳೆ ಮತ್ತು ತೊಡೆಮೂಳೆಯ ಕುತ್ತಿಗೆ ದುರ್ಬಲವಾದವು. ಆದರೆ ಬಯಲಿನ ಇಲಿಗೆ 24 ತಿಂಗಳೆಲ್ಲಿ ಸಿಗುತ್ತದೆ? ಹೆಚ್ಚಿನವು ಒಂದು ವರ್ಷ ತುಂಬುವ ಮೊದಲೇ ಗೂಬೆ, ಹಾವು, ಬೆಕ್ಕುಗಳ ಪಾಲಾಗುತ್ತವೆ. ಮೂಳೆ ಟೊಳ್ಳಾಗುವಷ್ಟು ಕಾಲ ಅವು ಬದುಕುವುದೇ ಇಲ್ಲ. ಇನ್ನು ಮೂಳೆ ದುರ್ಬಲವಾಗಿ ಓಟ ನಿಧಾನವಾದ ಇಲಿ ಮೊದಲು ಬೇಟೆಯಾಗುವುದರಿಂದ, ಬೋನಿಗೆ ಬೀಳುವ ಇಲಿಗಳು ಉಳಿದವುಗಳಿಗಿಂತ ಗಟ್ಟಿಯಾದವೇ ಆಗಿರುವ ಸಾಧ್ಯತೆಯೂ ಇದೆ. ಆದ್ದರಿಂದ ನನ್ನ ಅಭಿಪ್ರಾಯ ಇದು: ಬಯಲಿನ ಇಲಿಯ ಮೂಳೆ ಬಹುತೇಕ ಸಂದರ್ಭಗಳಲ್ಲಿ ಲೋಹದ ಲೆಕ್ಕಪುಸ್ತಕ, ಹಾನಿಗೆ ಸಾಕ್ಷಿಯಾಗುವುದು ಕೆಲವು ಸಂದರ್ಭಗಳಲ್ಲಿ ಮಾತ್ರ.

ಆ ಕೆಲವು ಸಂದರ್ಭಗಳು ಯಾವುವೆಂದರೆ, ಒಂದು, ಬೆಳೆಯುವ ಮರಿ. ಸೀಸ ಮೂಳೆ ಕಟ್ಟುವ ಕೋಶಗಳ ಕೆಲಸವನ್ನೂ ಮೂಳೆಯ ತುದಿಯ ಬೆಳವಣಿಗೆಯ ಪದರವನ್ನೂ ಕೆಡಿಸುವುದರಿಂದ ಮೂಳೆ ಉದ್ದಕ್ಕೆ ಬೆಳೆಯುವುದು ಕುಂಠಿತವಾಗಬಹುದು. ಇನ್ನೊಂದು, ಮರಿ ಹಾಕಿದ ತಾಯಿ. ಹೆಣ್ಣಿಲಿ ಮೂರು ವಾರ ಬಸಿರು, ಮೂರು ವಾರ ಮೊಲೆಯೂಡಿಕೆ, ಅಷ್ಟರಲ್ಲೇ ಮತ್ತೆ ಬಸಿರು ಎಂದು ತನ್ನ ಸಣ್ಣ ಅಸ್ಥಿಪಂಜರದ ಕ್ಯಾಲ್ಸಿಯಂ ಅನ್ನು ಹಾಲಿಗೆ ಸುರಿಯುತ್ತಲೇ ಇರುತ್ತದೆ. ಕ್ಯಾಲ್ಸಿಯಂ ಜೊತೆಗೆ ಸೀಸವೂ ಹೊರಟು ಮರಿಗಳಿಗೆ ಸೇರುತ್ತದೆ. ಖಾಲಿಯಾದ ಜಾಗ ತುಂಬಲು ಕರುಳು ಕ್ಯಾಲ್ಸಿಯಂ ಹುಡುಕುವಾಗ ಕ್ಯಾಡ್ಮಿಯಂ ಒಳಬರುತ್ತದೆ. ಜಿನ್ಜು ನದಿಯ ತಾಯಂದಿರ ಕಥೆಯೇ ಇದು. ಮಣ್ಣು ಹುಳಿಯಾಗಿದ್ದು ಸುಣ್ಣದಂಶ ಕಡಿಮೆಯಿರುವ ಕಡೆ ಈ ಹಾನಿ ಹೆಚ್ಚು, ಏಕೆಂದರೆ ಹುಳಿ ಮಣ್ಣಿನಲ್ಲಿ ಲೋಹ ಸುಲಭವಾಗಿ ಕರಗುತ್ತದೆ, ಅದನ್ನು ತಡೆಯಬೇಕಾದ ಕ್ಯಾಲ್ಸಿಯಂ ಊಟದಲ್ಲಿರುವುದಿಲ್ಲ.

ಮೂರನೆಯದು ಯುರೋಪಿನ ಸಾಮಾನ್ಯ ಮೂಗಿಲಿ. ಅದರ ತಲೆಬುರುಡೆ ಚಳಿಗಾಲದಲ್ಲಿ ಕುಗ್ಗಿ ವಸಂತದಲ್ಲಿ ಮತ್ತೆ ಬೆಳೆಯುತ್ತದೆಂದು ಪೋಲೆಂಡಿನ ಪ್ರಾಣಿವಿಜ್ಞಾನಿ ಆಗಸ್ಟ್ ಡೆನೆಲ್ 1949ರಲ್ಲಿ ತೋರಿಸಿದರು. ಬುರುಡೆಯ ಎತ್ತರದಲ್ಲಿ ಸರಾಸರಿ ಶೇ. 15ರಷ್ಟು ಇಳಿಕೆಯಾಗುವುದನ್ನು ಇತ್ತೀಚೆಗೆ ಬದುಕಿರುವ ಪ್ರಾಣಿಗಳಲ್ಲೇ ಎಕ್ಸ್‌ರೇ ಮೂಲಕ ಅಳೆದಿದ್ದಾರೆ. ಮೂಳೆ ಕರಗಿದರೆ ಅದರಲ್ಲಿ ಕೂತಿದ್ದ ಸೀಸ ಮತ್ತೆ ರಕ್ತಕ್ಕೆ ಬರಲೇಬೇಕು. ಅದೂ ಆಹಾರ ಕಡಿಮೆಯಿರುವ ಚಳಿಗಾಲದಲ್ಲೇ. ಲೋಹದ ಭಾರ ಹೊತ್ತ ಮೂಗಿಲಿಗಳಲ್ಲಿ ಈ ಕುಗ್ಗುವಿಕೆಯ ಪರಿಣಾಮವನ್ನು ಋತು ಋತುವಿಗೆ ಅಳೆಯುವುದು ಬಹಳ ಉಪಯುಕ್ತ ಕೆಲಸವಾದೀತು.

ಇನ್ನು ನಿಮ್ಮ ಅಟ್ಟದ ಉಂಡೆಗಳು. ಕಣಜ ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮತ್ತು ಮೂಳೆಯನ್ನು ಉಂಡೆ ಕಟ್ಟಿ ಉಗುಳುತ್ತದೆ. ಹೊಸ ಉಂಡೆ ಕಪ್ಪಗೆ, ಮೇಲೆ ಮೆರುಗು ಬಳಿದಂತೆ ಹೊಳೆಯುತ್ತದೆ. ಹಳೆಯದು ಬೂದುಬಣ್ಣಕ್ಕೆ ತಿರುಗಿ ಕೈಯಲ್ಲಿ ಪುಡಿಯಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ ಇಕ್ಕುಳದಿಂದ ಮೆಲ್ಲಗೆ ಬಿಡಿಸಿದರೆ ಒಂದೊಂದರಲ್ಲಿ ಮೂರು ನಾಲ್ಕು ತಲೆಬುರುಡೆಗಳು ಸಿಗಬಹುದು. ಬಾಚಿಹಲ್ಲು ಹಳದಿ ಅಥವಾ ಕಿತ್ತಳೆ ಬಣ್ಣದ್ದಾಗಿ, ಅದರ ಹಿಂದೆ ಹಲ್ಲಿಲ್ಲದ ಖಾಲಿ ಜಾಗವಿದ್ದರೆ ಅದು ಇಲಿ. ಆ ಬಣ್ಣ ಹಲ್ಲಿನ ಹೊರಪದರದಲ್ಲಿರುವ ಕಬ್ಬಿಣದ್ದು. ಬುರುಡೆ ಉದ್ದಕ್ಕೆ ಚೂಪಾಗಿ, ಸಾಲಾಗಿ ಬಿಳಿಯ ಮೊನಚು ಹಲ್ಲುಗಳಿದ್ದರೆ ಅದು ನಮ್ಮ ಮೂಗಿಲಿ. ಎರಡನ್ನೂ ಬೇರೆ ಬೇರೆ ಇಡುವುದೇ ಮಕ್ಕಳು ಕಲಿಯಬೇಕಾದ ಮೊದಲ ಪಾಠ. ಪಾಮರ್ಟನ್‌ನ 17 ಮತ್ತು 110 ಎಂಬ ಅಂಕಿಗಳ ಅರ್ಥ ಅವರಿಗೆ ಅಲ್ಲೇ ಆಗುತ್ತದೆ. ಹೊಲದಿಲಿಯ ತೊಡೆಮೂಳೆ ಎರಡು ಮೂರು ಅಕ್ಕಿಕಾಳಿನಷ್ಟು ತೂಗುತ್ತದೆ, ಅಷ್ಟೆ. ಅದನ್ನು ಒಣಗಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪರಮಾಣು ಹೀರಿಕೆಯ ಉಪಕರಣದಲ್ಲಿ ಅಳೆಯಬೇಕು. ಈ ಕೆಲಸ ಶಾಲೆಯಲ್ಲಿ ಮಾಡುವಂಥದ್ದಲ್ಲ. ವಿಶ್ವವಿದ್ಯಾಲಯದ ಅಥವಾ ಕೃಷಿ ಕಾಲೇಜಿನ ಪ್ರಯೋಗಾಲಯದ ನೆರವು ಬೇಕು.

ಪ್ರಯೋಗಾಲಯದಿಂದ ಬಂದ ಅಂಕಿಯನ್ನು ಓದುವಾಗ ಮೂರು ಎಚ್ಚರಿಕೆಗಳು ಅಗತ್ಯ. ಗೂಬೆ ಒಂದೆರಡು ಕಿಲೋಮೀಟರ್ ದೂರದವರೆಗೂ ಹೋಗಿ ಬೇಟೆಯಾಡುತ್ತದೆ, ಆದ್ದರಿಂದ ಇಲಿ ದಿಬ್ಬದ ಪಕ್ಕದ್ದೋ ದೂರದ ರಾಗಿ ಹೊಲದ್ದೋ ಎಂದು ಉಂಡೆ ಹೇಳುವುದಿಲ್ಲ. ಗೂಬೆಯ ಹೊಟ್ಟೆಯ ಆಮ್ಲ ಮೂಳೆಯ ಮೇಲ್ಮೈಯನ್ನು ತುಸು ಕರಗಿಸಿರುತ್ತದೆ, ಅಟ್ಟದ ದೂಳು ಮೇಲೆ ಅಂಟಿರುತ್ತದೆ. ಚೆನ್ನಾಗಿ ತೊಳೆಯದೆ ಅಳೆದರೆ ಇಲಿಯ ಸೀಸದ ಬದಲು ಕಟ್ಟಡದ ಹಳೆಯ ಬಣ್ಣದ ಸೀಸವನ್ನು ಅಳೆದಂತಾಗಬಹುದು. ಮೂರನೆಯದು ವಯಸ್ಸು. ಸೀಸ ವಯಸ್ಸಿನ ಜೊತೆ ಕೂಡುತ್ತ ಹೋಗುವುದರಿಂದ ಒಂದು ಊರಿನ ಮುದಿ ಇಲಿಗಳನ್ನು ಇನ್ನೊಂದು ಊರಿನ ಮರಿಗಳೊಂದಿಗೆ ಹೋಲಿಸಿದರೆ ಇಲ್ಲದ ಮಾಲಿನ್ಯ ಕಾಣುತ್ತದೆ, ಇರುವ ಮಾಲಿನ್ಯ ಮರೆಯಾಗುತ್ತದೆ. ದವಡೆಹಲ್ಲಿನ ಸವೆತ ನೋಡಿ ವಯಸ್ಸನ್ನು ಸ್ಥೂಲವಾಗಿ ಗುರುತಿಸಬಹುದು. ಗಣಿಯಿಂದ ದೂರದ, ಇದೇ ಬಗೆಯ ಮಣ್ಣಿರುವ ಇನ್ನೊಂದು ಊರಿನ ಗೂಬೆಯ ಉಂಡೆಗಳನ್ನು ಹೋಲಿಕೆಗೆ ಸಂಗ್ರಹಿಸದೆ ಈ ಕೆಲಸ ಆರಂಭಿಸಬೇಡಿ.

ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಉಂಡೆಗಳನ್ನು ಮುಟ್ಟುವ ಮೊದಲು ಕಾಗದದ ಲಕೋಟೆಯಲ್ಲಿಟ್ಟು ಬಿಸಿ ಓವನ್‌ನಲ್ಲಿ ಚೆನ್ನಾಗಿ ಕಾಯಿಸಿ. ಕೈಗವಸು ಮತ್ತು ಮುಖಗವಸು ಕಡ್ಡಾಯ. ಗೂಬೆ ಕಾನೂನಿನ ರಕ್ಷಣೆಯಿರುವ ಹಕ್ಕಿ, ಆದ್ದರಿಂದ ಮೊಟ್ಟೆ ಅಥವಾ ಮರಿಗಳಿರುವ ತಿಂಗಳುಗಳಲ್ಲಿ ಅಟ್ಟ ಹತ್ತಬೇಡಿ, ಕೆಳಗೆ ಬಿದ್ದವುಗಳನ್ನಷ್ಟೇ ಆರಿಸಿಕೊಳ್ಳಿ. ಪ್ರತಿ ಲಕೋಟೆಯ ಮೇಲೆ ಆರಿಸಿದ ದಿನಾಂಕ, ಜಾಗ, ಉಂಡೆ ಹೊಸದೋ ಹಳೆಯದೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಇಲಿ ಮತ್ತು ಮೂಗಿಲಿ ಎರಡೂ ಸಾಕಷ್ಟು ಸಂಖ್ಯೆಯಲ್ಲಿ ಕೂಡಿದ ಮೇಲೆ ಮೊದಲಿಗೆ ತೊಡೆಮೂಳೆಗಳ ಸೀಸವನ್ನಷ್ಟೇ ಅಳೆಸಿ. ಕ್ಯಾಡ್ಮಿಯಂ ಪರೀಕ್ಷೆಗೆ ಮೂತ್ರಪಿಂಡ ಬೇಕು. ಅದು ಉಂಡೆಯಲ್ಲಿ ಸಿಗುವುದಿಲ್ಲ.